ಕ್ರೀಡಾಂಗಣಕ್ಕೆ ಯಾರ ಹೆಸರು?

ಟೆಸ್ಟ್ ಕ್ರಿಕೆಟ್‌ನಲ್ಲಿ 619 ವಿಕೆಟ್ ಪಡೆದ ಅನಿಲ್ ಕುಂಬ್ಳೆ ಅವರ ಹೆಸರನ್ನು ಬೆಂಗಳೂರು ಒಂದು ವೃತ್ತಕ್ಕೆ ಇಟ್ಟಿದೆ. ಆ ವೃತ್ತದ ಸಮೀಪದಲ್ಲೇ ಇರುವ ಕ್ರೀಡಾಂಗಣಕ್ಕೆ ಆಡಳಿತಗಾರ ಎಂ. ಚಿನ್ನಸ್ವಾಮಿ ಅವರ ಹೆಸರಿದೆ. ಮುಂಬೈಯಲ್ಲೂ ಇದೇ ಏರ್ಪಾಡು: ಮೈದಾನ ವಾಂಖೆಡೆಯವರದು, ಗಾವಸ್ಕರ್ ಮತ್ತು ತೆಂಡೂಲ್ಕರ್ ಅವರಿಗೆ ಒಂದೊಂದು ಸ್ಟ್ಯಾಂಡ್. ಚೆನ್ನೈಯ ಮೈದಾನ ಎಂ.ಎ. ಚಿದಂಬರಂ ಅವರದು, ಮೊಹಾಲಿಯದು ಐ.ಎಸ್. ಬಿಂದ್ರಾ ಅವರದು. ಇವರೆಲ್ಲ ಕ್ರಿಕೆಟ್ ಮಂಡಳಿಯ ಅಧ್ಯಕ್ಷರಾಗಿದ್ದವರು. ಇವರಲ್ಲಿ ಯಾರ ಸೇವೆಯನ್ನೂ ಕಡೆಗಣಿಸುವ ಅಗತ್ಯವಿಲ್ಲ. ಆದರೆ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದಾಗ ಒಂದು ರೂಢಿ ಎದ್ದು ಕಾಣುತ್ತದೆ: ಆಡಿದವರಿಗೆ ಸ್ಟ್ಯಾಂಡು, ಆಳಿದವರಿಗೆ ಕ್ರೀಡಾಂಗಣ. ಈ ರೂಢಿ ತಪ್ಪು ಎಂಬುದು ನನ್ನ ವಾದ. ಹೆಸರನ್ನು ಕಂಪನಿಗಳಿಗೆ ಮಾರುವ ಪದ್ಧತಿಯನ್ನು ನಾವು ಸುಲಭವಾಗಿ ಹಳಿಯುತ್ತೇವೆ. ಅಧಿಕಾರದಲ್ಲಿರುವವರು ತಮ್ಮವರ ಹೆಸರಿಡುವ ಪದ್ಧತಿ ಅದಕ್ಕಿಂತ ಹೆಚ್ಚು ಹಾನಿಕರ.

ಆಡಳಿತಗಾರರ ಪರವಾದ ವಾದವನ್ನು ಮೊದಲು ನ್ಯಾಯವಾಗಿ ಕೇಳಿಸಿಕೊಳ್ಳಬೇಕು. ಮುಂಬೈಯ ಬ್ರೆಬೋರ್ನ್ ಕ್ರೀಡಾಂಗಣ 1937ರಲ್ಲಿ ಆರಂಭವಾದಾಗ ಅದಕ್ಕೆ ಬ್ರಿಟಿಷ್ ಗವರ್ನರನ ಹೆಸರಿಟ್ಟರು. ಅದರ ಒಡೆತನ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಕೈಯಲ್ಲಿತ್ತು. ಪಂದ್ಯಗಳ ಟಿಕೆಟ್ ಹಂಚಿಕೆಯ ವಿಷಯದಲ್ಲಿ ಆ ಕ್ಲಬ್ಬಿಗೂ ಬಾಂಬೆ ಕ್ರಿಕೆಟ್ ಸಂಸ್ಥೆಗೂ ಜಗಳ ಬೆಳೆದಾಗ, ಕೂಗಳತೆಯ ದೂರದಲ್ಲೇ ಇನ್ನೊಂದು ಕ್ರೀಡಾಂಗಣ ಕಟ್ಟಲು ಮುಂದಾದವರು ಎಸ್.ಕೆ. ವಾಂಖೆಡೆ. 1975ರ ಜನವರಿಯಲ್ಲಿ ಅಲ್ಲಿ ಟೆಸ್ಟ್ ಪಂದ್ಯವೇ ನಡೆಯಿತು. ಬೆಂಗಳೂರಿನ ಕ್ರೀಡಾಂಗಣವೂ ಮೊದಲು ಕೇವಲ ಕೆ.ಎಸ್.ಸಿ.ಎ. ಕ್ರೀಡಾಂಗಣವಾಗಿತ್ತು. ದಶಕಗಳ ಕಾಲ ರಾಜ್ಯ ಸಂಸ್ಥೆಗೆ ದುಡಿದ ಚಿನ್ನಸ್ವಾಮಿ ಅವರ ಹೆಸರು ಅದಕ್ಕೆ ಬಂದದ್ದು ಆಮೇಲೆ. ಇಟ್ಟಿಗೆ, ಸಿಮೆಂಟು, ಪರವಾನಗಿ, ಹಣ ಇವನ್ನೆಲ್ಲ ಹೊಂದಿಸಿಕೊಡುವುದು ಸಣ್ಣ ಕೆಲಸವಲ್ಲ, ಒಪ್ಪೋಣ. ತೊಂದರೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಕಟ್ಟಿದವರಿಗೆ ಸಲ್ಲಿಸಿದ ಕೃತಜ್ಞತೆ ಮೇಲ್ಪಂಕ್ತಿಯಾಗಿ, ಕುರ್ಚಿಯಲ್ಲಿ ಕುಳಿತವರಿಗೆಲ್ಲ ಸಲ್ಲಬೇಕಾದ ಹಕ್ಕಿನಂತಾಯಿತು.

ದೆಹಲಿಯನ್ನೇ ನೋಡಿ. ಫಿರೋಜ್ ಶಾ ಕೋಟ್ಲಾ ಎಂಬುದು ಹದಿನಾಲ್ಕನೆಯ ಶತಮಾನದ ಕೋಟೆಯೊಂದರ ಹೆಸರು. 1999ರ ಫೆಬ್ರವರಿಯಲ್ಲಿ ಪಾಕಿಸ್ತಾನದ ಎರಡನೇ ಇನಿಂಗ್ಸಿನ ಹತ್ತೂ ವಿಕೆಟ್‌ಗಳನ್ನು ಕುಂಬ್ಳೆ 74 ರನ್ನಿಗೆ ಕಿತ್ತದ್ದು ಅಲ್ಲೇ. 2019ರ ಆಗಸ್ಟಿನಲ್ಲಿ ಅರುಣ್ ಜೇಟ್ಲಿ ತೀರಿಕೊಂಡರು. ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಕ್ರೀಡಾಂಗಣ ಅವರ ಹೆಸರಿಗೆ ಬದಲಾಗಿತ್ತು. ಮೈದಾನ ಮಾತ್ರ ಕೋಟ್ಲಾ ಆಗಿಯೇ ಉಳಿಯುತ್ತದೆ ಎಂಬ ಸಮಾಧಾನದ ವಿವರಣೆ ಬಂತು. ಜೇಟ್ಲಿ ಒಂದು ದಶಕಕ್ಕೂ ಹೆಚ್ಚು ಕಾಲ ದೆಹಲಿ ಕ್ರಿಕೆಟ್ ಸಂಸ್ಥೆಯನ್ನು ನಡೆಸಿದ್ದರು, ನಿಜ. ಆದರೆ ಅವರ ಪ್ರತಿಮೆಯನ್ನೂ ಅಲ್ಲಿ ನಿಲ್ಲಿಸಲು ಹೊರಟಾಗ, 2020ರ ಕೊನೆಯಲ್ಲಿ, ಬಿಷನ್ ಸಿಂಗ್ ಬೇಡಿ ಸಂಸ್ಥೆಯ ಸದಸ್ಯತ್ವವನ್ನೇ ಬಿಟ್ಟರು. ತಮ್ಮ ಹೆಸರಿದ್ದ ಸ್ಟ್ಯಾಂಡಿನಿಂದ ಆ ಹೆಸರು ತೆಗೆಯಿರಿ ಎಂದು ಬರೆದರು. ಲಾರ್ಡ್ಸ್‌ನಲ್ಲಿ ಗ್ರೇಸ್, ಸಿಡ್ನಿಯಲ್ಲಿ ಬ್ರಾಡ್ಮನ್, ಮೆಲ್ಬರ್ನ್‌ನಲ್ಲಿ ವಾರ್ನ್ ನಿಂತಿರುವುದನ್ನು ನೆನಪಿಸಿದರು. ಮೈದಾನಕ್ಕೆ ಬರುವ ಮಗು ತಲೆಯೆತ್ತಿ ನೋಡುವುದು ಯಾರನ್ನು ಎಂಬುದೇ ಅವರ ಪ್ರಶ್ನೆಯ ತಿರುಳು. ದೆಹಲಿಗೆ ಆಡಿದ, ಭಾರತವನ್ನು ಮುನ್ನಡೆಸಿದ ಸ್ಪಿನ್ನರ್ ಕೇಳಿದ ಆ ಪ್ರಶ್ನೆಗೆ ಸರಿಯಾದ ಉತ್ತರ ಇನ್ನೂ ಬಂದಿಲ್ಲ.

ಮರುವರ್ಷ ಅಹಮದಾಬಾದಿನಲ್ಲಿ ಒಂದು ಹೆಜ್ಜೆ ಮುಂದೆ ಹೋದರು. ಮೊಟೇರಾದ ಕ್ರೀಡಾಂಗಣಕ್ಕೆ ಮೊದಲು ಇದ್ದದ್ದು ಸರ್ದಾರ್ ಪಟೇಲರ ಹೆಸರು. ಲಕ್ಷಕ್ಕೂ ಹೆಚ್ಚು ಜನ ಕೂರುವಂತೆ ಅದನ್ನು ಹೊಸದಾಗಿ ಕಟ್ಟಿ, 2021ರ ಫೆಬ್ರವರಿ 24ರಂದು ಉದ್ಘಾಟಿಸಿದಾಗ ಅದು ಅಧಿಕಾರದಲ್ಲಿರುವ ಪ್ರಧಾನಿಯ ಹೆಸರಿನ ನರೇಂದ್ರ ಮೋದಿ ಕ್ರೀಡಾಂಗಣವಾಯಿತು. ಬೌಲಿಂಗ್ ತುದಿಗಳಿಗೆ ಅದಾನಿ, ರಿಲಯನ್ಸ್ ಹೆಸರುಗಳು. ಸುತ್ತಲಿನ ಇಡೀ ಕ್ರೀಡಾ ಸಮುಚ್ಚಯಕ್ಕೆ ಪಟೇಲರ ಹೆಸರನ್ನೇ ಇಡಲಾಗಿದೆ, ಕ್ರೀಡಾಂಗಣದ ಕನಸು ಕಂಡವರು ಗುಜರಾತ್ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿದ್ದ ಮೋದಿಯವರೇ ಎಂಬುದು ಸಮರ್ಥಕರ ಉತ್ತರ. ಎರಡೂ ನಿಜವೇ ಆದರೂ ತಕರಾರು ತೀರುವುದಿಲ್ಲ. ಅಧಿಕಾರದಲ್ಲಿರುವ ವ್ಯಕ್ತಿಯ ಹೆಸರಿಡುವಾಗ ಬೇಡ ಎನ್ನುವ ಧೈರ್ಯ ಯಾವ ಸಮಿತಿಗೂ ಇರುವುದಿಲ್ಲ. ನಿರಾಕರಿಸುವ ಅವಕಾಶವೇ ಇಲ್ಲದ ಕಡೆ ಸಿಕ್ಕ ಗೌರವವನ್ನು ಗೌರವ ಎಂದು ಅಳೆಯುವುದು ಹೇಗೆ? ಈ ಮಾತು ಒಂದು ಪಕ್ಷಕ್ಕೆ ಮಾತ್ರ ಅನ್ವಯಿಸುವುದಿಲ್ಲ. ದೆಹಲಿ, ಚೆನ್ನೈ, ಕೊಚ್ಚಿ, ಶಿಲ್ಲಾಂಗ್, ಮಡಗಾಂವ್ ಎಲ್ಲ ಕಡೆಯೂ ಜವಾಹರಲಾಲ್ ನೆಹರೂ ಕ್ರೀಡಾಂಗಣಗಳಿವೆ. ನಮ್ಮ ಹುಬ್ಬಳ್ಳಿ, ಶಿವಮೊಗ್ಗಗಳಲ್ಲೂ ನೆಹರೂ ಹೆಸರೇ. ಒಂದೇ ಹೆಸರು ಊರೂರಿನಲ್ಲಿ ಕಾಣಿಸಿಕೊಂಡಾಗ ಆಯಾ ಊರಿನ ಆಟಗಾರರಿಗೆ ಜಾಗವೇ ಉಳಿಯುವುದಿಲ್ಲ.

ಈ ನಷ್ಟ ಗ್ವಾಲಿಯರ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 1932ರ ಒಲಿಂಪಿಕ್ಸ್‌ನಲ್ಲಿ ಭಾರತ ಅಮೆರಿಕವನ್ನು 24–1ರಿಂದ ಸೋಲಿಸಿದ ಹಾಕಿ ಪಂದ್ಯದಲ್ಲಿ ಹತ್ತು ಗೋಲು ಹೊಡೆದವರು ರೂಪ್ ಸಿಂಗ್, ಧ್ಯಾನ್ ಚಂದ್ ಅವರ ತಮ್ಮ. ಅವರು ನೆಲೆಸಿದ್ದ ಗ್ವಾಲಿಯರ್ ತನ್ನ ಕ್ರೀಡಾಂಗಣಕ್ಕೆ ಅವರ ಹೆಸರಿಟ್ಟಿತು. 2010ರಲ್ಲಿ ಸಚಿನ್ ತೆಂಡೂಲ್ಕರ್ ಪುರುಷರ ಏಕದಿನ ಕ್ರಿಕೆಟ್‌ನ ಮೊದಲ ದ್ವಿಶತಕ ಹೊಡೆದದ್ದು ಆ ಹಾಕಿ ಆಟಗಾರನ ಹೆಸರಿನ ನೆಲದ ಮೇಲೆ. ಯಾರೀ ಕ್ಯಾಪ್ಟನ್ ರೂಪ್ ಸಿಂಗ್ ಎಂದು ಕೇಳಿದ ಕ್ರಿಕೆಟ್ ಅಭಿಮಾನಿಗೆ ಹಾಕಿಯ ಚರಿತ್ರೆಯೇ ಎದುರಾಗುತ್ತಿತ್ತು. 2024ರಲ್ಲಿ ಆ ಊರಿಗೆ ಅಂತಾರಾಷ್ಟ್ರೀಯ ಕ್ರಿಕೆಟ್ ಮರಳಿತು. ಈ ಸಲ ಪಂದ್ಯ ನಡೆದದ್ದು ಹೊಸ ಕ್ರೀಡಾಂಗಣದಲ್ಲಿ, ಅದರ ಹೆಸರು ಮಾಧವರಾವ್ ಸಿಂಧಿಯಾ ಕ್ರೀಡಾಂಗಣ. ಸಿಂಧಿಯಾ ರಾಜಮನೆತನದವರು, ಕೇಂದ್ರ ಸಚಿವರಾಗಿದ್ದವರು, ಕ್ರಿಕೆಟ್ ಮಂಡಳಿಯನ್ನೂ ಆಳಿದವರು. ಅವರ ನೆನಪು ಉಳಿಸಲು ಆ ಊರಿನಲ್ಲಿ ದಾರಿಗಳಿಗೆ ಕೊರತೆಯಿಲ್ಲ. ರೂಪ್ ಸಿಂಗ್‌ಗೆ ಇದ್ದದ್ದು ಆಟದ ಅಂಗಳವೊಂದೇ.

ಅಧಿಕಾರದ ಹೆಸರುಗಳಿಗೆ ಇನ್ನೊಂದು ದೌರ್ಬಲ್ಯವಿದೆ. ಅವುಗಳ ಆಯುಸ್ಸನ್ನು ನಿರ್ಧರಿಸುವುದು ರಾಜಕೀಯ. 1974ರಲ್ಲಿ ಲಾಹೋರಿಗೆ ಇಸ್ಲಾಮಿಕ್ ಶೃಂಗಸಭೆಗೆಂದು ಬಂದ ಲಿಬಿಯಾದ ಗಡಾಫಿ ಪಾಕಿಸ್ತಾನದ ಪರವಾಗಿ ಮಾತನಾಡಿದ್ದಕ್ಕೆ ಲಾಹೋರ್ ಕ್ರೀಡಾಂಗಣ ಗಡಾಫಿ ಕ್ರೀಡಾಂಗಣವಾಯಿತು. ಕ್ರಿಕೆಟ್ಟಿನ ಸಂಬಂಧವೇ ಇಲ್ಲದ ಆತ 2011ರಲ್ಲಿ ತನ್ನ ಜನರ ಕೈಯಲ್ಲೇ ಸತ್ತ ಮೇಲೂ ಹೆಸರು ಅಂಟಿಕೊಂಡಿತು. ಢಾಕಾದಲ್ಲಿ ಇದಕ್ಕೆ ತದ್ವಿರುದ್ಧ: ಸರ್ಕಾರ ಉರುಳಿದ ಮೇಲೆ 2025ರಲ್ಲಿ ಬಂಗಬಂಧು ರಾಷ್ಟ್ರೀಯ ಕ್ರೀಡಾಂಗಣ ಬರೀ ರಾಷ್ಟ್ರೀಯ ಕ್ರೀಡಾಂಗಣವಾಯಿತು. ಹೆಸರು ಉಳಿದರೂ ಅಳಿದರೂ ಮೈದಾನದಲ್ಲಿ ಏನಾಯಿತು ಎಂಬುದಕ್ಕೂ ಅದಕ್ಕೂ ಸಂಬಂಧವಿರುವುದಿಲ್ಲ.

ಹಾಗಾದರೆ ಹಣಕ್ಕೆ ಹೆಸರು ಮಾರುವುದು ಒಳ್ಳೆಯದೇ? ಅಲ್ಲ. 1973ರಲ್ಲಿ ಅಮೆರಿಕದ ಬಫಲೋ ಊರಿನ ಕ್ರೀಡಾಂಗಣ 25 ವರ್ಷಕ್ಕೆ 15 ಲಕ್ಷ ಡಾಲರ್ ಪಡೆದು ರಿಚ್ ಎಂಬ ಆಹಾರ ಕಂಪನಿಯ ಹೆಸರು ತಾಳಿತು. ಅಲ್ಲಿಂದ ಬೆಳೆದ ಈ ವ್ಯಾಪಾರದ ಅನಾಹುತಗಳು ಪ್ರಸಿದ್ಧವಾಗಿವೆ. ಹ್ಯೂಸ್ಟನ್ನಿನ ಬೇಸ್‌ಬಾಲ್ ತಂಡ, ದಿವಾಳಿಯಾದ ಎನ್‌ರಾನ್‌ನಿಂದ ತನ್ನ ಮೈದಾನದ ಹೆಸರನ್ನು ಬಿಡಿಸಿಕೊಳ್ಳಲು 2002ರಲ್ಲಿ 21 ಲಕ್ಷ ಡಾಲರ್ ತೆರಬೇಕಾಯಿತು. ಮಯಾಮಿಯ ಅರೇನಾಕ್ಕೆ ಹೆಸರು ಕೊಟ್ಟ ಕ್ರಿಪ್ಟೊ ಕಂಪನಿ ಎಫ್‌ಟಿಎಕ್ಸ್ ಎರಡು ವರ್ಷ ತುಂಬುವ ಮೊದಲೇ ಕುಸಿಯಿತು. ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್ ಕ್ರೀಡಾಂಗಣ 2000ದಿಂದ ಈಚೆಗೆ ಕಲೋನಿಯಲ್, ಟೆಲ್‌ಸ್ಟ್ರಾ, ಎತಿಹಾದ್, ಮಾರ್ವೆಲ್ ಎಂದು ನಾಲ್ಕು ಹೆಸರು ಕಂಡಿದೆ. ಇಷ್ಟಾದರೂ ಈ ವ್ಯವಹಾರದಲ್ಲಿ ಮುಚ್ಚುಮರೆ ಕಡಿಮೆ. ಬೆಲೆಯಿದೆ, ಅವಧಿಯಿದೆ, ಅವಧಿ ಮುಗಿದ ಮೇಲೆ ಬಿಡುಗಡೆಯೂ ಇದೆ. ಜನ ಸಿಟ್ಟಾದರೆ ಹೆಸರು ಹಿಂದೆ ಸರಿಯುವುದೂ ಉಂಟು. ನ್ಯೂಕ್ಯಾಸಲ್‌ನ ಸೇಂಟ್ ಜೇಮ್ಸ್ ಪಾರ್ಕ್ ಅನ್ನು 2011ರಲ್ಲಿ ಸ್ಪೋರ್ಟ್ಸ್ ಡೈರೆಕ್ಟ್ ಅರೇನಾ ಎಂದು ಕರೆದಾಗ ಅಭಿಮಾನಿಗಳು ತಿರುಗಿಬಿದ್ದರು. ಮರುವರ್ಷ ಹೆಸರಿನ ಹಕ್ಕು ಕೊಂಡ ವೊಂಗಾ ಎಂಬ ಸಾಲದ ಕಂಪನಿ ಹಳೆಯ ಹೆಸರನ್ನೇ ಮರಳಿಸಿತು. ನ್ಯೂರೆಂಬರ್ಗ್‌ನಲ್ಲಿ ಇನ್ನೂ ಸೊಗಸಾದದ್ದು ನಡೆಯಿತು. 1954ರ ವಿಶ್ವಕಪ್ ಫೈನಲ್‌ನಲ್ಲಿ ಜರ್ಮನಿಯ ಮೊದಲ ಗೋಲು ಹೊಡೆದ ತಮ್ಮೂರಿನ ಮ್ಯಾಕ್ಸ್ ಮೊರ್ಲಾಕ್ ಹೆಸರಿಗಾಗಿ ಅಭಿಮಾನಿಗಳು ವರ್ಷಗಟ್ಟಲೆ ಒತ್ತಾಯಿಸಿದ್ದರು. 2017ರಲ್ಲಿ ಒಂದು ಬ್ಯಾಂಕು ಹೆಸರಿನ ಹಕ್ಕು ಕೊಂಡು, ಜನರ ವಂತಿಗೆಯನ್ನೂ ಸೇರಿಸಿ, ಕ್ರೀಡಾಂಗಣಕ್ಕೆ ಮೊರ್ಲಾಕ್ ಹೆಸರನ್ನೇ ಇಟ್ಟಿತು.

ಆಟಗಾರರ ಹೆಸರೂ ಸುರಕ್ಷಿತವಲ್ಲ ಎಂಬುದು ಗಟ್ಟಿಯಾದ ಆಕ್ಷೇಪ. ಸಲಿಂಗ ವಿವಾಹವನ್ನು ಮಾರ್ಗರೆಟ್ ಕೋರ್ಟ್ ಬಹಿರಂಗವಾಗಿ ವಿರೋಧಿಸಿದಾಗ ಮೆಲ್ಬರ್ನ್‌ನಲ್ಲಿರುವ ಅವರ ಹೆಸರಿನ ಟೆನಿಸ್ ಅರೇನಾದ ಬಗ್ಗೆ ವಿವಾದ ಎದ್ದಿತು. ಆದರೆ ಅಲ್ಲಿ ಹೆಸರಿಗೆ ಆಧಾರವಾದ ಸಾಧನೆ ಎಲ್ಲರಿಗೂ ಕಾಣುವಂಥದು, 24 ಗ್ರ್ಯಾಂಡ್‌ಸ್ಲಾಂ ಸಿಂಗಲ್ಸ್ ಪ್ರಶಸ್ತಿಗಳು. ಆಕೆಯ ಅಭಿಪ್ರಾಯಗಳನ್ನು ವಿರೋಧಿಸುವವರೂ ಆ ಸಾಧನೆಯನ್ನು ಅಲ್ಲಗಳೆಯಲಾರರು. ಇನ್ನೊಂದು ಆಕ್ಷೇಪ: ಅಧಿಕೃತ ಹೆಸರು ಏನೇ ಇರಲಿ, ಜನ ಚೆನ್ನೈಯದನ್ನು ಚೆಪಾಕ್ ಎಂದೇ, ದೆಹಲಿಯದನ್ನು ಕೋಟ್ಲಾ ಎಂದೇ ಕರೆಯುತ್ತಾರಲ್ಲ, ಇಷ್ಟೊಂದು ತಲೆಬಿಸಿ ಯಾಕೆ? ರಿಯೊದ ಮರಕಾನಾದ ನಿಜವಾದ ಹೆಸರು, ಅದನ್ನು ಕಟ್ಟಿಸಲು ಹೋರಾಡಿದ ಪತ್ರಕರ್ತ ಮಾರಿಯೊ ಫಿಲ್ಯೊ ಅವರದು. 2021ರಲ್ಲಿ ಪೆಲೆ ಹೆಸರಿಡಲು ಶಾಸನಸಭೆ ಮುಂದಾದಾಗ ವಿರೋಧ ಬಂದು ಪ್ರಯತ್ನ ಬಿದ್ದುಹೋಯಿತು. ಹೌದು, ಜನರ ಬಾಯಿ ಊರಿನ ಹೆಸರನ್ನು ಕಾಪಾಡುತ್ತದೆ. ಆದರೆ ಟಿಕೆಟ್ಟಿನ ಮೇಲೆ, ನೇರ ಪ್ರಸಾರದಲ್ಲಿ, ದಾಖಲೆಯಲ್ಲಿ, ಹೊರಗಿನಿಂದ ಬಂದವರ ನಕ್ಷೆಯಲ್ಲಿ ಉಳಿಯುವುದು ಅಧಿಕೃತ ಹೆಸರು. ಹೆಸರಿಗೆ ಬೆಲೆಯೇ ಇಲ್ಲದಿದ್ದರೆ ರಾಜಕಾರಣಿಗಳೂ ಕಂಪನಿಗಳೂ ಅದಕ್ಕಾಗಿ ಇಷ್ಟು ಹಂಬಲಿಸುತ್ತಿರಲಿಲ್ಲ.

ಆದ್ದರಿಂದ ಬೇಕಾಗಿರುವುದು ನಿಯಮ. ಸಾರ್ವಜನಿಕ ಜಮೀನಿನಲ್ಲಿ ಅಥವಾ ಸರ್ಕಾರದ ಹಣದಲ್ಲಿ ಎದ್ದ ಕ್ರೀಡಾಂಗಣಕ್ಕೆ ಊರಿನ ಹೆಸರೇ ಮೊದಲ ಆಯ್ಕೆಯಾಗಲಿ. ವ್ಯಕ್ತಿಯ ಹೆಸರಿಡುವುದಾದರೆ ಆಟ ಮುಗಿಸಿದ ಆಟಗಾರರಿಗೆ, ತರಬೇತುದಾರರಿಗೆ ಆದ್ಯತೆ ಇರಲಿ. ಅಧಿಕಾರದಲ್ಲಿರುವ ಯಾರ ಹೆಸರೂ ಬೇಡ. ಆಡಳಿತಗಾರರ ಹೆಸರಿಡಲೇಬೇಕಿದ್ದರೆ ಅವರು ಹುದ್ದೆ ಬಿಟ್ಟು ಹಲವು ವರ್ಷ ಕಳೆದಿರಲಿ, ಸಾರ್ವಜನಿಕರ ಅಹವಾಲು ಕೇಳಿ ತೀರ್ಮಾನವಾಗಲಿ. ಹಣಕ್ಕೆ ಹೆಸರು ಮಾರುವ ಸಂಸ್ಥೆ ಮೊತ್ತವನ್ನೂ ಅವಧಿಯನ್ನೂ ಬಹಿರಂಗಪಡಿಸಲಿ. ಇದು ಅಸಾಧ್ಯವಾದ ಆದರ್ಶವೇನೂ ಅಲ್ಲ. ನ್ಯೂಯಾರ್ಕಿನಲ್ಲಿ ಅಮೆರಿಕದ ಟೆನಿಸ್ ಸಂಸ್ಥೆ 1997ರಲ್ಲಿ ತನ್ನ ಮುಖ್ಯ ಅಂಗಳಕ್ಕೆ ಆರ್ಥರ್ ಆ್ಯಶ್ ಹೆಸರಿಟ್ಟಿತು, 2006ರಲ್ಲಿ ಇಡೀ ಕೇಂದ್ರಕ್ಕೆ ಬಿಲ್ಲಿ ಜೀನ್ ಕಿಂಗ್ ಹೆಸರಿಟ್ಟಿತು. ಎರಡು ಕಡೆಯೂ ಹೆಸರಿನ ಹಕ್ಕು ಮಾರಿದ್ದರೆ ಒಳ್ಳೆಯ ಬೆಲೆ ಬರುತ್ತಿತ್ತು. ನಮ್ಮಲ್ಲೂ 2023ರಲ್ಲಿ ರಾಯ್‌ಬರೇಲಿಯ ಹಾಕಿ ಮೈದಾನಕ್ಕೆ ರಾಣಿ ರಾಂಪಾಲ್ ಹೆಸರು ಬಂತು. ಬಡ ಮನೆಯಿಂದ ಬಂದು ಭಾರತ ತಂಡದ ನಾಯಕಿಯಾದವಳ ಹೆಸರಿನ ಅಂಗಳದಲ್ಲಿ ಹುಡುಗಿಯೊಬ್ಬಳು ಕೋಲು ಹಿಡಿದಾಗ, ಆ ಹೆಸರಿನಿಂದ ಅವಳಿಗೆ ಕಲಿಯಲು ಏನೋ ಇದೆ. ಕ್ರೀಡಾಂಗಣದ ಹೆಸರಿಗೆ ಇದಕ್ಕಿಂತ ದೊಡ್ಡ ಕೆಲಸವಿಲ್ಲ, ಮತ್ತು ಈ ಕೆಲಸ ಅಧ್ಯಕ್ಷರ ಹೆಸರಿನಿಂದ ಆಗುವುದಿಲ್ಲ.