ಆರ್ಥರ್‌ಗೊಂದು ನಮಸ್ಕಾರ

ಓಟದಲ್ಲಿ ಅಧ್ಯಾತ್ಮ ಕಂಡೆ ಎನ್ನುವವರ ಮಾತನ್ನು ನಾನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳುವವನಲ್ಲ. ಹತ್ತು ಕಿಲೋಮೀಟರ್ ಓಡಿ, ಕಾಫಿ ಕುಡಿದು, ಆನಂದದ ಬಗ್ಗೆ ಉಪನ್ಯಾಸ ಕೊಡುವವರು ಕಬ್ಬನ್ ಪಾರ್ಕಿನಲ್ಲಿ ಬೇಕಾದಷ್ಟು ಸಿಗುತ್ತಾರೆ. ಆದರೆ ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಓಟದ ಸುದ್ದಿ ಬಂದರೆ ನನ್ನ ಕೊಂಕು ಅಡಗುತ್ತದೆ.

ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ನಡುವಿನ ಗುಡ್ಡಗಳಲ್ಲಿ ಹೆಚ್ಚೂಕಡಿಮೆ 90 ಕಿಲೋಮೀಟರ್, 12 ಗಂಟೆ ಗಡುವು. ಮೊದಲ ಮಹಾಯುದ್ಧದಲ್ಲಿ ಪೂರ್ವ ಆಫ್ರಿಕಾದ ಕಾಡುಮೇಡು ನಡೆದು ಬದುಕಿ ಬಂದ ವಿಕ್ ಕ್ಲಾಪ್‌ಹ್ಯಾಮ್ ಎಂಬ ಸೈನಿಕ, ಮಡಿದ ಜೊತೆಗಾರರ ನೆನಪಿಗೆ 1921ರಲ್ಲಿ ಇದನ್ನು ಶುರುಮಾಡಿದ. ಆ ವರ್ಷ ಹೊರಟವರು 34, ತಲುಪಿದವರು 16. ಕರಿಯರಿಗೂ ಹೆಂಗಸರಿಗೂ ಅಧಿಕೃತವಾಗಿ ಬಾಗಿಲು ತೆರೆದದ್ದು 1975ರಲ್ಲಿ. ಅದನ್ನು ಮರೆತು ಈ ಓಟವನ್ನು ಹೊಗಳಬಾರದು. ಇಂದು ಹೊರಡುವ ಮುನ್ನ, ಕತ್ತಲಲ್ಲಿ, ಸಾವಿರಾರು ಜನ ಒಂದೇ ದನಿಯಲ್ಲಿ ಹಾಡುವುದು ಗಣಿ ಕಾರ್ಮಿಕರ ‘ಶೊಶೊಲೋಜಾ’. ಆಮೇಲೆ ಧ್ವನಿವರ್ಧಕದಲ್ಲಿ ಹುಂಜ ಕೂಗುತ್ತದೆ. 1948ರಲ್ಲಿ ಮ್ಯಾಕ್ಸ್ ಟ್ರಿಂಬಾರ್ನ್ ಎಂಬ ಓಟಗಾರ ಹಾಗೆ ಕೂಗಿದ್ದೇ ಸಂಪ್ರದಾಯವಾಗಿಬಿಟ್ಟಿದೆ!

ನಡುದಾರಿಯಲ್ಲಿ, ಡ್ರಮಂಡ್ ಬಳಿ, ರಸ್ತೆಬದಿಯ ದಿಬ್ಬದಲ್ಲಿ ಒಬ್ಬರು ಕೂರುವಷ್ಟು ಗೂಡು ಕೊರೆದಿದೆ. ಐದು ಸಲ ಗೆದ್ದ ಆರ್ಥರ್ ನ್ಯೂಟನ್ ಅಲ್ಲಿ ದಣಿವಾರಿಸಿಕೊಳ್ಳುತ್ತಿದ್ದ ಎಂದು ಪ್ರತೀತಿ. ಓಟಗಾರರು ಅಲ್ಲೊಂದು ಹೂವಿಟ್ಟು, ‘ಗುಡ್ ಮಾರ್ನಿಂಗ್, ಆರ್ಥರ್’ ಎಂದು ಹೇಳಿ ಮುಂದೆ ಹೋಗುತ್ತಾರೆ. ಹೇಳಿದರೆ ಉಳಿದರ್ಧ ಸಲೀಸಂತೆ. ಘಾಟಿ ಹತ್ತುವ ಮುಂಚೆ ಗುಡಿಯ ಮುಂದೆ ಲಾರಿ ನಿಲ್ಲಿಸಿ ಕಾಯಿ ಒಡೆಯುವ ನಮ್ಮ ಡ್ರೈವರುಗಳಿಗೆ ಇದನ್ನು ವಿವರಿಸಬೇಕಿಲ್ಲ.

ಆದರೆ ನನ್ನ ಪ್ರಕಾರ ಈ ಓಟದ ಜೀವ ಇರುವುದು ಇಂಚಾಂಗಾ ಗುಡ್ಡದ ಹತ್ತಿರದ ಎಥೆಂಬೇನಿ ಶಾಲೆಯ ಮುಂದೆ. ಅಂಗವಿಕಲ ಮಕ್ಕಳು, ದೃಷ್ಟಿಯಿಲ್ಲದ ಮಕ್ಕಳು ರಸ್ತೆಯಂಚಿಗೆ ಸಾಲಾಗಿ ನಿಂತು, ಇಲ್ಲವೇ ಗಾಲಿಕುರ್ಚಿಯಲ್ಲಿ ಕುಳಿತು ಕೈ ಚಾಚಿರುತ್ತಾರೆ. ಕಣ್ಣು ಕಾಣದ ಮಗು ನಮ್ಮ ಕೈಯನ್ನು ಹುಡುಕಲಾರದು. ನಾವೇ ಪಕ್ಕಕ್ಕೆ ಸರಿದು ಆ ಪುಟ್ಟ ಅಂಗೈಯನ್ನು ತಟ್ಟಬೇಕು. ಅಷ್ಟು ಹೊತ್ತೂ ಸೆಕೆಂಡು ಲೆಕ್ಕ ಹಾಕಿದವರು ಬೆವರು, ಜೆಲ್ಲಿನ ಅಂಟು ಮೆತ್ತಿದ ಕೈಯನ್ನು ಚಡ್ಡಿಗೆ ಒರೆಸಿಕೊಂಡು, ಸಾಲಿನ ಈ ತುದಿಯಿಂದ ಆ ತುದಿಯವರೆಗೂ ಒಂದೊಂದೇ ಕೈ ಮುಟ್ಟುತ್ತ ಹೋಗುತ್ತಾರೆ. ಕೆಲವರು ಅಳುತ್ತಾರೆ. ಕಾಲು ನೋವಿಗಲ್ಲ.

ದೇಹವೇ ತಯಾರಿಸಿಕೊಳ್ಳುವ, ಗಾಂಜಾದ ಬಂಧುವಾದ ರಾಸಾಯನಿಕವೊಂದರಿಂದ ಓಟದ ಅಮಲು ಏರುತ್ತದೆ ಎನ್ನುತ್ತಾರೆ ವಿಜ್ಞಾನಿಗಳು. ಇರಬಹುದು. ಆ ರಾಸಾಯನಿಕ ಸುಖ ಕೊಟ್ಟೀತು, ಯಾರ ಋಣ ಎಂದು ಹೇಳಲಾರದು. ಅರವತ್ತು ಕಿಲೋಮೀಟರ್ ದಾಟಿದ ಮೇಲೆ ತಿಂಗಳುಗಟ್ಟಲೆ ಮಾಡಿದ ಅಭ್ಯಾಸ ಖರ್ಚಾಗಿ ಹೋಗಿರುತ್ತದೆ. ಅಲ್ಲಿಂದಾಚೆಗೆ ನಡೆಸುವುದು ಪರರ ಕೈ: ಯಾರೋ ನೀಡಿದ ನೀರಿನ ಸ್ಯಾಚೆ, ಯಾರೋ ಬೇಯಿಸಿ ಉಪ್ಪು ಹಚ್ಚಿದ ಆಲೂಗಡ್ಡೆ. ಇಲ್ಲವೇ ‘ಬಸ್’ ಹತ್ತಬೇಕು. ಬಸ್ ಎಂದರೆ ಒಟ್ಟಾಗಿ ಓಡುವ ಗುಂಪು; ಗಡುವಿನೊಳಗೆ ಅದನ್ನು ಗುರಿ ಮುಟ್ಟಿಸುವ ಅನುಭವಿ ಓಟಗಾರನೇ ಅದರ ಡ್ರೈವರ್. ಆತ ನಡೆಯಿರಿ ಎಂದರೆ ನಡಿಗೆ, ಓಡಿ ಎಂದರೆ ಓಟ, ಜೊತೆಗೆ ಹಾಡು. ಟಿಕೆಟ್ಟಿಲ್ಲ.

12 ಗಂಟೆ ತುಂಬಿದ ಕ್ಷಣ ಅಧಿಕಾರಿಯೊಬ್ಬರು ಬರುವವರಿಗೆ ಬೆನ್ನು ತಿರುಗಿಸಿ ನಿಂತು ಗುಂಡು ಹಾರಿಸುತ್ತಾರೆ. ಒಂದು ಸೆಕೆಂಡು ತಡವಾದರೂ ಪದಕವಿಲ್ಲ. ಕ್ರೂರ ಎನಿಸುತ್ತದೆ, ಆದರೆ ನಾನಿದನ್ನು ಒಪ್ಪುತ್ತೇನೆ. ಎರಡು ನಿಮಿಷ ಮೊದಲು ಗೆರೆ ದಾಟಿದವನಿಗೆ ಆ ಎರಡು ನಿಮಿಷ ಯಾರು ಕೊಟ್ಟರೆಂಬುದು ಚೆನ್ನಾಗಿ ಗೊತ್ತಿರುತ್ತದೆ.

ಈಗೀಗ ಭಾರತದಿಂದಲೂ ನೂರಾರು ಮಂದಿ ಅಲ್ಲಿಗೆ ಹೋಗುತ್ತಾರೆ. ಬೆಂಗಳೂರಿನವರು ನಂದಿಬೆಟ್ಟ ಹತ್ತಿಳಿದು ತಯಾರಾಗುತ್ತಾರೆ. ಅವರಲ್ಲಿ ನನ್ನದೊಂದು ಕೋರಿಕೆ. ಬಂದಮೇಲೆ ಪದಕದ ಫೋಟೊ ಹಾಕಿ, ಬೇಡವೆನ್ನುವುದಿಲ್ಲ. ಆದರೆ ನಮ್ಮೂರಿನ ಮುಂದಿನ ಓಟದಲ್ಲಿ ಒಂದು ಬೆಳಗ್ಗೆ ಓಡದೆ ನೀರಿನ ಮೇಜಿನ ಹಿಂದೆ ನಿಲ್ಲಿ, ಕೊನೆಯವನು ಬರುವ ತನಕ.