‘ಕಲಸುಮೇಲೋಗರ’ ಎನ್ನುವ ಮುನ್ನ

ಸಂಶೋಧನೆಗಾಗಿ ಪುಸ್ತಕ ವಿಮರ್ಶೆಗಳನ್ನು ಓದುವಾಗ ಒಂದು ಪದ ನನ್ನನ್ನು ಮತ್ತೆ ಮತ್ತೆ ತಡೆದು ನಿಲ್ಲಿಸುತ್ತದೆ: ಕಲಸುಮೇಲೋಗರ. ಕಾದಂಬರಿಯಲ್ಲಿ ಎರಡು ಮೂರು ಆಡುಮಾತು ಸೇರಿದರೆ, ಕಥೆಯೊಳಗೆ ಪ್ರಬಂಧ ನುಸುಳಿದರೆ, ಈ ಒಂದು ಪದ ಬರೆದು ವಿಮರ್ಶಕರು ಮುಂದಿನ ಪುಸ್ತಕಕ್ಕೆ ಹೋಗಿಬಿಡುತ್ತಾರೆ. ಪದದ ಒಳಗಿರುವುದು ಮಾತ್ರ ಊಟ. ಓಗರವೆಂದರೆ ಅನ್ನ, ಮೇಲೋಗರ ಅನ್ನದ ಜೊತೆ ಉಣ್ಣುವ ಪದಾರ್ಥ. ಕಲಸಿ ಉಣ್ಣುವ ನಾವು ಕಲಸಿದ್ದನ್ನೇ ಬೈಗುಳ ಮಾಡಿಕೊಂಡದ್ದು ಹೇಗೆ?

ಕನ್ನಡ ಕಾವ್ಯಚಿಂತನೆ ಮೊದಲಿನಿಂದಲೂ ಅಡುಗೆಮನೆಯಿಂದ ಹೋಲಿಕೆಗಳನ್ನು ತಂದಿದೆ. ಸಂಸ್ಕೃತ, ಕನ್ನಡಗಳನ್ನು ತಿಳಿಯದೆ ಸಮಾಸದಲ್ಲಿ ಬೆರೆಸುವುದು ಕಾಯುತ್ತಿರುವ ಹಾಲಿಗೆ ಮಜ್ಜಿಗೆಯ ಹನಿ ಬಿಟ್ಟಂತೆ ಎನ್ನುತ್ತದೆ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’. 1112ರಲ್ಲಿ ‘ಧರ್ಮಾಮೃತ’ ಬರೆದ ನಯಸೇನನಿಗೆ ಅಂಥ ಬೆರಕೆ ತುಪ್ಪಕ್ಕೆ ಎಣ್ಣೆ ಸೇರಿಸಿದ ಹಾಗೆ. ಎರಡೂ ಒಂದೇ ಆಕ್ಷೇಪದಂತೆ ಕಾಣುತ್ತವೆ. ನನಗೆ ಹಾಗನ್ನಿಸುವುದಿಲ್ಲ. ತುಪ್ಪದ ಹೋಲಿಕೆಯಲ್ಲಿ ಬೆರೆಸುವುದೇ ತಪ್ಪು. ಹಾಲಿನ ಹೋಲಿಕೆಯಲ್ಲಿ ತಪ್ಪಿದ್ದು ಹದ. ಅದೇ ಮಜ್ಜಿಗೆ ಹನಿಯನ್ನು ಉಗುರುಬೆಚ್ಚಗಿನ ಹಾಲಿಗೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಗಟ್ಟಿ ಮೊಸರು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹವ್ಯಕರ ಮನೆಗಳಲ್ಲಿ ಮಜ್ಜಿಗೆಗೆ ಎರಡು ದಾರಿ. ಹಸಿ ಒಂದೆಲಗವನ್ನು ಕಾಯಿಯ ಜೊತೆ ರುಬ್ಬಿ ಮಜ್ಜಿಗೆಗೆ ಕದಡಿದರೆ ತಂಬುಳಿ, ಅದನ್ನು ಕುದಿಸುವಂತಿಲ್ಲ. ಬೆಂದ ಹೋಳಿಗೆ ಕಾಯಿ ಮಸಾಲೆ, ಮಜ್ಜಿಗೆ ಸೇರಿಸಿ ಕಾಯಿಸಿದರೆ ಪಳದ್ಯ. ಉರಿ ಸಣ್ಣದಿರಬೇಕು, ಸೌಟು ಆಡುತ್ತಿರಬೇಕು, ಇಲ್ಲದಿದ್ದರೆ ಒಡೆಯುತ್ತದೆ. ತಂಬುಳಿಯಲ್ಲಿ ಎಲೆ ತನ್ನ ಹಸಿ ಘಮವನ್ನು ಉಳಿಸಿಕೊಳ್ಳುತ್ತದೆ. ಪಳದ್ಯದಲ್ಲಿ ಹೋಳು, ಕಾಯಿ, ಮಜ್ಜಿಗೆ ಒಂದರ ರುಚಿಯನ್ನು ಇನ್ನೊಂದು ಹಿಡಿಯುತ್ತವೆ. ಬೆರಕೆ ಎರಡರಲ್ಲೂ ಇದೆ, ಹದ ಬೇರೆ. ಕೃತಿಯ ಬಗ್ಗೆ ಕೇಳಬೇಕಾದದ್ದೂ ಇದನ್ನೇ: ಇಲ್ಲಿ ಬೇರೆ ಬೇರೆ ಮಾತುಗಳು ಪಕ್ಕಪಕ್ಕ ನಿಂತಿವೆಯೋ, ಕೂಡಿ ಬೆಂದಿವೆಯೋ?

ಈ ಸೀಮೆಯಲ್ಲಿ ಈ ಪ್ರಶ್ನೆ ಪುಸ್ತಕದಾಚೆಗೂ ಹೋಗುತ್ತದೆ. ಹವ್ಯಕರ ಕನ್ನಡ, ನಾಮಧಾರಿಗಳ ಕನ್ನಡ, ಕೊಂಕಣಿ, ಕನ್ನಡ ಮರಾಠಿ ಬೆರೆತ ಸಿದ್ದಿಯರ ಕೊಂಕಣಿ, ಎಲ್ಲವೂ ಇಲ್ಲಿ ದಿನನಿತ್ಯದ ಮಾತು. ಸಿದ್ದಿ ಹುಡುಗಿಯೊಬ್ಬಳು ಮನೆಯ ಮಾತನ್ನು ಹಾಗೇ ಕಥೆಗೆ ತಂದಾಗ ಅದನ್ನು ಕಲಸುಮೇಲೋಗರ ಎಂದರೆ, ಆ ತೀರ್ಪು ಅವಳ ಶೈಲಿಯನ್ನು ದಾಟಿ ಮನೆಯನ್ನೇ ಮುಟ್ಟುತ್ತದೆ. ‘ಬೆರಕೆ’ ಎಂಬ ಮಾತನ್ನು ಮನುಷ್ಯರ ಹುಟ್ಟಿಗೂ ಅಂಟಿಸಿ ಬೈದ ಸಮಾಜ ನಮ್ಮದು. ನಾನು ಮೇಲೆ ಉದಾಹರಣೆ ತಂದ ಅಡುಗೆಮನೆಗೂ ಮಡಿಯ ಹೊಸ್ತಿಲಿತ್ತು. ಪಳದ್ಯದಲ್ಲಿ ಏನೇನು ಕೂಡಿದರೂ ಒಲೆಯ ಹತ್ತಿರ ಎಲ್ಲರೂ ಕೂಡುವಂತಿರಲಿಲ್ಲ. ಶುದ್ಧ ಭಾಷೆಯ ಹಂಬಲದಲ್ಲಿ ಆ ಹೊಸ್ತಿಲಿನ ನೆರಳು ಎಷ್ಟಿದೆ ಎಂದು ವಿಮರ್ಶೆ ತನ್ನನ್ನೇ ಕೇಳಿಕೊಳ್ಳಬೇಕು.

ಹಾಗಂತ ಬೆರೆಸಿದ್ದೆಲ್ಲ ಸಾಹಿತ್ಯವಾಗುವುದಿಲ್ಲ. ಊರಿನ ಬಣ್ಣ ಬರಲೆಂದು ನಾಲ್ಕು ಆಡುಮಾತು ಉದುರಿಸಿದ ಕಥೆ ಹೋಳು ಬೇಯದ ಹುಳಿಯ ಹಾಗೆ. ರಸ ಚೆನ್ನಾಗಿದ್ದರೂ ಹಲ್ಲಿಗೆ ಗಟ್ಟಿ ಸಿಗುತ್ತದೆ. ಅದನ್ನು ಹೇಳಲೇಬೇಕು. ಆದರೆ ಹಾಗೆ ಹೇಳುವ ವಿಮರ್ಶಕ ಯಾವ ಹೋಳು ಬೇಯಲಿಲ್ಲ, ಉರಿ ಎಲ್ಲಿ ಸಾಲಲಿಲ್ಲ ಎಂಬುದನ್ನು ಕಥೆಯ ಸಾಲು ಹಿಡಿದು ತೋರಿಸಲಿ. ‘ಕಲಸುಮೇಲೋಗರ’ ಎಂಬ ಒಂದೇ ಪದದಲ್ಲಿ ಮುಗಿಸುವವರು ಇನ್ನೂ ಎಲೆಯ ಮುಂದೆ ಕೂತೇ ಇಲ್ಲ.