ದೇವರ ಸಿನಿಮಾಕ್ಕೂ ಹೆದರುವುದುಂಟೆ?

“ದೇವರ ಸಿನಿಮಾ ತಾನೆ, ಮಕ್ಕಳೂ ನೋಡಲಿ ಬಿಡು” ಎನ್ನುವ ಮಾತು ನಮ್ಮ ಮನೆಗಳಲ್ಲಿ ಬಹಳ ಹಳೆಯದು. ಹೊಡೆದಾಟದ ಚಿತ್ರ ಎಂದರೆ ಹಿರಿಯರು ಮೂಗು ಮುರಿಯುತ್ತಾರೆ. ದೆವ್ವದ ಚಿತ್ರ ಎಂದರೆ ಟಿ.ವಿ.ಯನ್ನೇ ಆರಿಸುತ್ತಾರೆ. ಆದರೆ ಹೆಸರಿನ ಮುಂದೆ ‘ಭಕ್ತ’ ಎಂದೋ ‘ಶ್ರೀ’ ಎಂದೋ ಇದ್ದರೆ ಸಾಕು, ಆಗಷ್ಟೇ ಮಾತು ಕಲಿತ ಕೂಸನ್ನೂ ಎತ್ತಿ ತಂದು ಮುಂದೆ ಕೂರಿಸುತ್ತಾರೆ. ಅದು ಕಿಟಾರನೆ ಕಿರುಚಿಕೊಂಡರೆ, “ಅಯ್ಯೋ, ದೇವರಿಗೂ ಹೆದರುವುದುಂಟೇನೋ?” ಎಂದು ಎಲ್ಲರೂ ಸೇರಿ ನಗುತ್ತಾರೆ. ಈ ನಗುವಿನ ಬಗ್ಗೆ ನನ್ನದೊಂದು ತಕರಾರಿದೆ. ಅದನ್ನು ಹೇಳಲು ಕೆಟ್ಟ ಚಿತ್ರವೊಂದನ್ನು ಹುಡುಕಿಕೊಂಡು ಹೋಗುವುದಿಲ್ಲ. ನಾನು ಬಹಳ ಮೆಚ್ಚುವ ಚಿತ್ರವನ್ನೇ ತೆಗೆದುಕೊಳ್ಳುತ್ತೇನೆ: 1983ರ ‘ಭಕ್ತ ಪ್ರಹ್ಲಾದ’.

ವಿಜಯ್ ನಿರ್ದೇಶಿಸಿದ ಈ ಚಿತ್ರದಲ್ಲಿ ರಾಜ್‌ಕುಮಾರ್ ಹಿರಣ್ಯಕಶಿಪು. ಪ್ರಹ್ಲಾದನಾದವನು ಅವರ ಸ್ವಂತ ಕಿರಿಯ ಮಗ. ಆಗ ಮಾಸ್ಟರ್ ಲೋಹಿತ್ ಎನ್ನಿಸಿಕೊಂಡಿದ್ದ ಆ ಹುಡುಗ ಮುಂದೆ ಪುನೀತ್ ಆಗಿ, ಎಲ್ಲರ ಅಪ್ಪುವಾಗಿ ಬೆಳೆದದ್ದು ನಿಮಗೆ ಗೊತ್ತೇ ಇದೆ. 2021ರ ಅಕ್ಟೋಬರಿನಲ್ಲಿ ಆತ ತೀರಿಕೊಂಡ ಮೇಲೆ ನನ್ನ ಬಳಗದ ಎಷ್ಟೋ ಮನೆಗಳಲ್ಲಿ ಈ ಚಿತ್ರವನ್ನು ಮತ್ತೆ ಹಾಕಿಕೊಂಡು ನೋಡಿದರು. “ಅಪ್ಪು ಚಿಕ್ಕವನಿದ್ದಾಗ ಎಷ್ಟು ಮುದ್ದಾಗಿದ್ದ, ನೋಡು ಬಾ” ಎಂದು ಮಕ್ಕಳನ್ನೂ ಕರೆದರು. ದೇವರ ಚಿತ್ರ, ಮಗುವೇ ನಾಯಕ, ನೋಡಿದವರೆಲ್ಲ ಹೊಗಳಿದ್ದು. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯದು ಬೇಕೆ?

ಒಂದು ಸಲ ದೇವರನ್ನು ಬದಿಗಿಟ್ಟು ಈ ಕಥೆಯನ್ನು ಹೇಳಿ ನೋಡಿ. ಒಬ್ಬ ಅಪ್ಪ. ಅವನಿಗೊಬ್ಬ ಪುಟ್ಟ ಮಗ. ತಾನು ಹೇಳಿದ ಹೆಸರನ್ನು ಮಗ ಹೇಳಲಿಲ್ಲ ಎಂಬ ಸಿಟ್ಟಿಗೆ ಅಪ್ಪ ಅವನನ್ನು ಕೊಲ್ಲಲು ನಿಲ್ಲುತ್ತಾನೆ. ಪುರಾಣದ ತುಂಬ ಅದೇ ಇದೆ: ವಿಷ, ಹಾವು, ಆನೆಯ ಕಾಲು, ಬೆಟ್ಟದ ತುದಿ, ಬೆಂಕಿ. ಹೆತ್ತ ತಾಯಿ ಕಯಾದು ಅಳುತ್ತಾಳೆ, ತಡೆಯಲಾರಳು. ನಾವು ದೊಡ್ಡವರಿಗೆ ಕಥೆಯ ಕೊನೆ ಗೊತ್ತು, ಅದಕ್ಕೇ ಕೈಮುಗಿದು ನೋಡುತ್ತೇವೆ. ಮಗುವಿಗೆ ಆ ಕೊನೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಇಷ್ಟೇ: ಅಪ್ಪ ಎಂಬವನು ಹೀಗೂ ಮಾಡಬಹುದು, ಅಮ್ಮ ಪಕ್ಕದಲ್ಲೇ ಇದ್ದರೂ ಏನೂ ಆಗುವುದಿಲ್ಲ.

ಮಕ್ಕಳ ಹೆದರಿಕೆ ಎಲ್ಲ ವಯಸ್ಸಿನಲ್ಲೂ ಒಂದೇ ತರಹದ್ದಲ್ಲ. ಅಮೆರಿಕದ ಸಂಶೋಧಕಿ ಜೋನ್ ಕ್ಯಾಂಟರ್ ಈ ವಿಷಯವನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ಶಾಲೆಗೆ ಸೇರದ ಪುಟ್ಟ ಮಕ್ಕಳು ಕಣ್ಣಿಗೆ ಕಂಡದ್ದಕ್ಕೆ ಹೆದರುತ್ತಾರೆ, ಏಳೆಂಟು ದಾಟಿದವರು ನಿಜವಾಗಿ ನಡೆಯಬಹುದಾದದ್ದಕ್ಕೆ ಹೆದರುತ್ತಾರೆ ಎಂಬುದು ಅವರು ಕಂಡುಕೊಂಡದ್ದರ ಸಾರ. ಅಲ್ಲಿನ ಟಿ.ವಿ.ಯಲ್ಲಿ ‘ಹಲ್ಕ್’ ಎಂಬ ಧಾರಾವಾಹಿ ಬರುತ್ತಿತ್ತು. ಅದರಲ್ಲಿ ಸಿಟ್ಟು ಬಂದಾಗ ಹಸಿರು ರಾಕ್ಷಸನಂತಾಗುವ ಮನುಷ್ಯ ಒಳ್ಳೆಯವನೇ, ಕಷ್ಟದಲ್ಲಿದ್ದವರನ್ನು ಕಾಪಾಡುವವನೇ. ಆದರೂ ಪುಟ್ಟ ಮಕ್ಕಳು ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ಅವನ ಮುಖ ಬದಲಾಗುವ ಗಳಿಗೆಗೆ.

ನಮ್ಮ ನರಸಿಂಹನ ಕಥೆಯೂ ಅದೇ ಅಲ್ಲವೇ? ಕಾಪಾಡಲು ಬಂದವನು, ಆದರೆ ಕಂಬ ಒಡೆದು ಬಂದವನು, ಸಿಂಹದ ಮುಖದವನು. ನಾಲ್ಕು ವರ್ಷದ ಮಗುವಿಗೆ “ಅವನು ಒಳ್ಳೆಯವನು ಕಂದಾ” ಎಂದು ಎಷ್ಟು ಹೇಳಿದರೂ ಅದು ಕೋರೆಹಲ್ಲನ್ನೇ ನೋಡುತ್ತದೆ. ಎಂಟು ವರ್ಷದ ಅಕ್ಕನಿಗೆ ಕೋರೆಹಲ್ಲು ಬಣ್ಣದ್ದು ಎಂದು ಗೊತ್ತು. ಅವಳನ್ನು ಕಾಡುವುದು ಅಪ್ಪ. ಒಂದೇ ಸೋಫಾದ ಮೇಲೆ ಕೂತ ಇಬ್ಬರು ಮಕ್ಕಳಿಗೆ ಎರಡು ಬೇರೆ ಚಿತ್ರಗಳು ಕಾಣುತ್ತಿರುತ್ತವೆ. ಕಿರುಚುವ ಚಿಕ್ಕದನ್ನು ನಾವು ಎತ್ತಿಕೊಳ್ಳುತ್ತೇವೆ. ಸುಮ್ಮನೆ ಕೂತ ದೊಡ್ಡದು ಏನೋ ಯೋಚಿಸುತ್ತಿದೆ ಎಂಬುದು ನಮ್ಮ ಗಮನಕ್ಕೇ ಬರುವುದಿಲ್ಲ.

ಇಲ್ಲಿ ರಾಜ್‌ಕುಮಾರ್ ಅವರ ಹಿರಿಮೆಯನ್ನೂ ಹೇಳಬೇಕು. ಬರೀ ಕಣ್ಣು ಕೆಂಪಗೆ ಮಾಡಿ ಗದೆ ಬೀಸುವ ರಾಕ್ಷಸನಾಗಿದ್ದರೆ ಮಕ್ಕಳು ಎರಡು ದಿನದಲ್ಲಿ ಮರೆಯುತ್ತಿದ್ದರು. ಗುಬ್ಬಿ ಕಂಪನಿಯ ರಂಗದ ಮೇಲೆ ಪಳಗಿದ ಆ ದನಿಯಲ್ಲಿ ಗರ್ಜನೆಯ ಒಳಗೇ ಅಪ್ಪನ ಪ್ರೀತಿಯೂ ಕೇಳಿಸುತ್ತದೆ. ಭಾಗವತದ ಏಳನೆಯ ಸ್ಕಂಧದಲ್ಲಿ ಹಿರಣ್ಯಕಶಿಪು ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಏನು ಕಲಿತೆ ಮಗು ಎಂದು ಕೇಳುತ್ತಾನೆ. ಬೇಡವಾದ ಉತ್ತರ ಬಂದಾಗ ಅದೇ ತೊಡೆಯಿಂದ ಕೆಳಕ್ಕೆ ನೂಕುತ್ತಾನೆ. ಆನೆ, ಹಾವುಗಳಿಗಿಂತ ಈ ನೂಕುವಿಕೆ ದೊಡ್ಡದು. ಚಿತ್ರದ ಶಕ್ತಿ ಇರುವುದೂ ಅಲ್ಲೇ, ಮಕ್ಕಳ ಹೆದರಿಕೆ ಹುಟ್ಟುವುದೂ ಅಲ್ಲೇ. ನಟನೆ ಒಳ್ಳೆಯದಾದಷ್ಟೂ ಭಯ ಆಳವಾಗುತ್ತದೆ.

“ಅವರು ನಿಜವಾದ ಅಪ್ಪ-ಮಗ, ಶೂಟಿಂಗ್ ಮುಗಿದ ಮೇಲೆ ಒಟ್ಟಿಗೆ ಮನೆಗೆ ಹೋಗುತ್ತಿದ್ದರು” ಎಂದರೆ ಎಂಟು ವರ್ಷದವಳ ಮುಖ ಅರಳುತ್ತದೆ. ಅವಳಿಗೆ ಅದು ದೊಡ್ಡ ಸಮಾಧಾನ. ನಾಲ್ಕರ ಮಗುವಿಗೆ ಈ ಮಾತಿನಿಂದ ಉಪಯೋಗವಿಲ್ಲ. ಅದಕ್ಕೆ ಬೇಕಾದದ್ದು ಮಡಿಲು.

ಇನ್ನೊಂದು ಮಾತು, ಸ್ವಲ್ಪ ಕಹಿಯದು. ಎಲ್ಲ ಮನೆಗಳಲ್ಲೂ ಹಿರಣ್ಯಕಶಿಪು ಪುರಾಣದ ಪಾತ್ರವಾಗಿಯೇ ಉಳಿದಿರುವುದಿಲ್ಲ. ಸಂಜೆ ಗೇಟಿನ ಸದ್ದಾದ ಕೂಡಲೇ ಮಕ್ಕಳು ಪುಸ್ತಕ ಹಿಡಿದು ಮೂಲೆ ಸೇರುವ ಮನೆಗಳನ್ನು ನೀವೂ ಕಂಡಿದ್ದೀರಿ. ಅಂಥ ಮನೆಯ ಮಗುವಿಗೆ ಈ ಚಿತ್ರ ಕಥೆಯಲ್ಲ, ನಿನ್ನೆ ರಾತ್ರಿ. ಅಪ್ಪನೆದುರು ತಲೆಯೆತ್ತಿ ನಿಂತ ಹುಡುಗನನ್ನು ನೋಡಿ ಅದಕ್ಕೆ ಧೈರ್ಯ ಬರಲೂಬಹುದು. ಅಮ್ಮ ಸುಮ್ಮನಿದ್ದದ್ದನ್ನು ನೋಡಿ ಒಳಗೇ ಕುಸಿಯಲೂಬಹುದು. ಯಾವುದು ಎಂದು ಸಿನಿಮಾದ ಪೋಸ್ಟರು ಹೇಳುವುದಿಲ್ಲ. ಆ ಮಗುವಿನ ಅಮ್ಮನಿಗೆ ಮಾತ್ರ ಗೊತ್ತಾಗುತ್ತದೆ.

ಹಾಗಾದರೆ ಹೆದರಿಸುವುದೇ ತಪ್ಪೇ? ಹಾಗೆಂದು ನಾನು ಹೇಳಲಾರೆ. ಹೆದರಿಕೆಯ ರುಚಿಯೇ ಇಲ್ಲದ ಕಥೆಯನ್ನು ಮಕ್ಕಳೂ ಒಪ್ಪುವುದಿಲ್ಲ. ಕರಾವಳಿ, ಮಲೆನಾಡಿನ ಮಕ್ಕಳು ಯಕ್ಷಗಾನದ ಬಣ್ಣದ ವೇಷ ನೋಡಿಯೇ ಬೆಳೆದವರು. ನಡುರಾತ್ರಿ ಚೆಂಡೆ ಜೋರಾಗಿ, ತೆರೆಯ ಹಿಂದಿನಿಂದ ಅಬ್ಬರ ಕೇಳಿಸುವಾಗ ಮಕ್ಕಳ ನಿದ್ದೆ ಹಾರಿಹೋಗುತ್ತದೆ. ಆದರೆ ಅಲ್ಲಿ ರಾಕ್ಷಸ ಒಮ್ಮೆಲೇ ಮೈಮೇಲೆ ಬರುವುದಿಲ್ಲ. ತೆರೆ ಸರಿಯುವ ಮೊದಲು ಇಷ್ಟಿಷ್ಟೇ ಕಾಣಿಸಿಕೊಳ್ಳುತ್ತಾನೆ, ಮಗುವಿಗೆ ಅಜ್ಜಿಯ ಸೆರಗು ಹುಡುಕಲು ಸಮಯವಿರುತ್ತದೆ. ಚೌಕಿಗೆ ಹೋಗಿ ಇಣುಕಿದರೆ ಅದೇ ರಾಕ್ಷಸ ಅರ್ಧ ಬಣ್ಣದ ಮುಖದಲ್ಲಿ ಚಹಾ ಕುಡಿಯುತ್ತಿರುತ್ತಾನೆ. ಕಥೆ ಹೇಳುವ ಅಜ್ಜಿಯೂ ಅಷ್ಟೆ, ಮಗುವಿನ ಮುಖ ನೋಡಿಕೊಂಡೇ ಕಥೆ ಮುಂದಕ್ಕೆ ಒಯ್ಯುತ್ತಾಳೆ. ಕಣ್ಣು ತೀರ ದೊಡ್ಡದಾಯಿತೆಂದರೆ ಅವಳ ನರಸಿಂಹ ಬೇಗನೆ ಶಾಂತನಾಗುತ್ತಾನೆ. ಸಿನಿಮಾ ಮಗುವಿನ ಮುಖ ನೋಡುವುದಿಲ್ಲ. ಆ ಕೆಲಸವನ್ನು ಪಕ್ಕದಲ್ಲಿ ಕೂತ ನಾವೇ ಮಾಡಬೇಕು.

ಚಿತ್ರವೊಂದು ಮಕ್ಕಳಿಗೆ ಆದೀತೇ ಎಂದು ತೂಗಲು ನಾನು ರಕ್ತದ ಲೆಕ್ಕ ಹಾಕುವುದಿಲ್ಲ. ಹೆದರಿಸುವವರು ಯಾರು, ಹೆದರಿಸಿದ ಮೇಲೆ ತಲೆ ಸವರುತ್ತದೆಯೇ ಎಂದು ನೋಡುತ್ತೇನೆ. 2002ರಲ್ಲಿ ವಿಶಾಲ್ ಭಾರದ್ವಾಜ್ ಮಾಡಿದ ಹಿಂದಿಯ ‘ಮಕ್‌ಡೀ’ಯಲ್ಲಿ ಶಬಾನಾ ಆಜ್ಮಿ ಹಾಳುಬಂಗಲೆಯ ಮಾಟಗಾತಿ. ನೋಡಲು ಭಯಂಕರ. ಆದರೆ ಅವಳು ಹೊರಗಿನವಳು, ಕೊನೆಗೆ ಅವಳ ಮಾಟವೆಲ್ಲ ಮೋಸವೆಂದು ಬಯಲಾಗುತ್ತದೆ, ಬಯಲು ಮಾಡುವವಳೂ ಒಬ್ಬ ಪುಟ್ಟ ಹುಡುಗಿ. 1994ರ ‘ಲಯನ್ ಕಿಂಗ್’ ಬರೀ ಚಿತ್ರ ಬಿಡಿಸಿ ಮಾಡಿದ್ದು, ಹಾಡು, ಕುಣಿತ ಎಲ್ಲ ಇದೆ. ಅಲ್ಲಿ ಸತ್ತು ಬಿದ್ದ ಅಪ್ಪನನ್ನು ಮರಿಸಿಂಹ ಎಬ್ಬಿಸಲು ನೋಡುತ್ತದೆ, ನಿನ್ನಿಂದಲೇ ಸತ್ತ ಎಂದು ಚಿಕ್ಕಪ್ಪ ಅದನ್ನು ನಂಬಿಸುತ್ತಾನೆ. ಮಾಟಗಾತಿಗಿಂತ ಈ ಮಾತು ಮಗುವಿನ ಮನಸ್ಸಿಗೆ ಹೆಚ್ಚು ನಾಟುವಂಥದು. ಸದ್ಯ, ಸ್ವಲ್ಪ ಹೊತ್ತಿಗೇ ಇಬ್ಬರು ತಮಾಷೆಯ ಗೆಳೆಯರು ಬಂದು ಮರಿಯನ್ನು ಎತ್ತಿ ಆಡಿಸುತ್ತಾರೆ.

ಪ್ರಹ್ಲಾದನ ಕಥೆಯಲ್ಲೂ ತಲೆ ಸವರುವ ಗಳಿಗೆ ಇದೆ. ಹಿರಣ್ಯಕಶಿಪುವನ್ನು ಕೊಂದ ಮೇಲೂ ನರಸಿಂಹನ ಕೋಪ ಇಳಿಯುವುದಿಲ್ಲ. ದೇವತೆಗಳು ದೂರ ನಿಲ್ಲುತ್ತಾರೆ. ಸಾಕ್ಷಾತ್ ಲಕ್ಷ್ಮಿಯೇ ಆ ರೂಪ ಕಂಡು ಹತ್ತಿರ ಹೋಗಲು ಅಂಜುತ್ತಾಳೆ ಎನ್ನುತ್ತದೆ ಭಾಗವತ. ದೇವರಿಗೆ ಹೆದರುವುದುಂಟೇ ಎಂದು ನಗುವವರು ಇದನ್ನು ಓದಬೇಕು. ಕೊನೆಗೆ ಹತ್ತಿರ ಹೋಗುವವನು ಆ ಮಗು. ನರಸಿಂಹ ಅವನ ತಲೆಯ ಮೇಲೆ ಕೈ ಇಡುತ್ತಾನೆ. ಆ ಮಗು ಬೇಡಿಕೊಳ್ಳುವುದೂ ತನ್ನ ಅಪ್ಪನ ಪಾಪ ತೊಳೆದುಹೋಗಲಿ ಎಂದೇ. ಆದರೆ ನಮ್ಮ ಮನೆಗಳಲ್ಲಿ ಆಗುವುದೇನು? ಕರುಳು ಬಗೆಯುವ ಹೊತ್ತಿಗೆ ಮಗು ಅತ್ತಿತೆಂದು ಟಿ.ವಿ. ಆರಿಸುತ್ತೇವೆ, ಇಲ್ಲವೇ ಇನ್ನೇನು ಮುಗಿಯಿತಲ್ಲ ಎಂದು ಊಟಕ್ಕೆ ಏಳುತ್ತೇವೆ. ಭಯ ಮಗುವಿನಲ್ಲಿ ಉಳಿಯುತ್ತದೆ, ಕೈ ಇಟ್ಟದ್ದು ಅದಕ್ಕೆ ಕಾಣುವುದೇ ಇಲ್ಲ.

ಸೆನ್ಸಾರಿನವರು ಇದನ್ನೆಲ್ಲ ನೋಡಿಕೊಳ್ಳುವುದಿಲ್ಲವೇ ಎನ್ನಬಹುದು. ಸಿನಿಮಾದ ಕಾಯಿದೆ 1952ರದು. 12 ವರ್ಷದೊಳಗಿನವರಿಗೆ ತೋರಿಸುವಾಗ ಹೆತ್ತವರು ಯೋಚಿಸಲಿ ಎಂಬ ‘ಯು/ಎ’ ಗುರುತು ಬಂದದ್ದು 1983ರಲ್ಲಿ, ‘ಭಕ್ತ ಪ್ರಹ್ಲಾದ’ ಬಂದ ವರ್ಷವೇ. 2023ರ ತಿದ್ದುಪಡಿ ಅದನ್ನು 7, 13, 16 ಎಂದು ಮೂರಾಗಿ ಒಡೆದಿದೆ. ಒಳ್ಳೆಯದೇ ಆಯಿತು. ಆದರೂ ಆ ಅಂಕಿ ಚಿತ್ರವನ್ನು ನೋಡಿ ಹಾಕಿದ್ದು, ನಿಮ್ಮ ಮಗುವನ್ನು ನೋಡಿ ಹಾಕಿದ್ದಲ್ಲ.

“ಹೆದರಲಿ ಬಿಡು, ಗಂಡುಹುಡುಗ, ಗಟ್ಟಿಯಾಗಲಿ” ಎನ್ನುವವರು ರಾತ್ರಿ ಹೊದ್ದು ಮಲಗಿಬಿಡುತ್ತಾರೆ. ಎರಡು ಗಂಟೆಗೆ ಬೆಚ್ಚಿಬಿದ್ದ ಮಗುವಿನ ಬೆನ್ನು ತಟ್ಟುವವಳು, ಒದ್ದೆಯಾದ ಹಾಸಿಗೆ ಬದಲಿಸುವವಳು ಅಮ್ಮ. ಏಳುವವಳಿಗೆ ಆರಿಸುವ ಹಕ್ಕೂ ಇರಬೇಕು. ಅತ್ತೆಯ ಮುಂದೆ, ಗಂಡನ ಮುಂದೆ “ಇವನಿಗೆ ಇದು ಈಗ ಬೇಡ” ಎಂದು ಹೇಳುವುದು ದೈವದ್ರೋಹವಲ್ಲ, ಮಗುವನ್ನು ಹೇಡಿ ಮಾಡುವುದೂ ಅಲ್ಲ.

ಕೇಳಿದವರಿಗೆ ನನ್ನ ತೀರ್ಪು ಇಷ್ಟು. ನಾಲ್ಕೈದರ ಮಕ್ಕಳಿಗೆ ‘ಭಕ್ತ ಪ್ರಹ್ಲಾದ’ ಬೇಡ. ಅವರಿಗೆ ಆ ಕಥೆ ನಿಮ್ಮ ಬಾಯಿಂದಲೇ ಬರಲಿ. ಎಂಟು ದಾಟಿದವರಿಗೆ ಧಾರಾಳವಾಗಿ ತೋರಿಸಿ, ಅಂಥ ನಟನೆ ಅವರಿಗೆ ಮತ್ತೆಲ್ಲಿ ಸಿಕ್ಕೀತು? ಆದರೆ ಟಿ.ವಿ. ಹಾಕಿಕೊಟ್ಟು ಅಡುಗೆಮನೆಗೆ ಹೋಗಬೇಡಿ. ಪಕ್ಕದಲ್ಲಿ ಕೂತು, ಉಗ್ರ ಶಾಂತವಾಗುವವರೆಗೂ ನೋಡಿ. ಚಿತ್ರ ತೋರಿಸದೆ ಬಿಟ್ಟದ್ದಿದ್ದರೆ ನೀವು ಹೇಳಿ ಮುಗಿಸಿ. ಒಗ್ಗರಣೆ ಹತ್ತು ನಿಮಿಷ ತಡವಾದರೂ ಯಾರ ಪ್ರಾಣವೂ ಹೋಗುವುದಿಲ್ಲ.